ಸ್ಯಾನ್ ಫ್ರಾನ್ಸಿಸ್ಕೊದಿಂದ ಯಳಂದೂರಿಗೆ ಎಷ್ಟು ಹೊತ್ತು?

ಕೆಲವು ವರ್ಷಗಳ ಹಿಂದಿನ ಮಾತು. ಡಿಸೆಂಬರ್ ತಿಂಗಳ ಒಂದು ಮಂಗಳವಾರ ಸಂಜೆ ಐದರ ಸುಮಾರಿಗೆ ಯಳಂದೂರಿನಲ್ಲಿ ನಮ್ಮ ದೊಡ್ಡಪ್ಪ ತೀರಿಕೊಂಡರು. ಅವರ ಒಬ್ಬನೇ ಮಗ ಇದ್ದದ್ದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಬಳಿ. ಫೋನು ಮಾಡಿದಾಗ ಅಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವನೇ ಮತ್ತೆ ಕರೆ ಮಾಡಿ, "ಮಂಗಳವಾರ ರಾತ್ರಿ ಒಂಬತ್ತಕ್ಕೆ ವಿಮಾನ ಸಿಕ್ಕಿದೆ, ನೇರ ಬೆಂಗಳೂರಿಗೆ" ಎಂದ.

ಮಣ್ಣು ಯಾವಾಗ ಮಾಡುವುದು ಎಂದು ಹಿರಿಯರು ನಿಶ್ಚಯಿಸಬೇಕಿತ್ತು. ಕೊಳ್ಳೇಗಾಲದಿಂದ, ಹನೂರಿನಿಂದ ಬರುವ ನೆಂಟರಿಗೆ ಹೊತ್ತು ಹೇಳಬೇಕಿತ್ತು. ಮನೆಯಲ್ಲಿ ಭೌತವಿಜ್ಞಾನದ ಮೇಷ್ಟ್ರು ನಾನೊಬ್ಬನೇ. ಎಲ್ಲರೂ ನನ್ನ ಕಡೆ ತಿರುಗಿದರು. ದೂರ ಸುಮಾರು 14,000 ಕಿಮೀ, ವೇಗ ಗಂಟೆಗೆ ಸುಮಾರು 900 ಕಿಮೀ. ಭಾಗಿಸಿದರೆ ಹದಿನೈದೂವರೆ ಗಂಟೆ. ರಾತ್ರಿ ಒಂಬತ್ತಕ್ಕೆ ಹೊರಟರೆ ಬುಧವಾರ ಮಧ್ಯಾಹ್ನ ಹನ್ನೆರಡೂವರೆಗೆ ಬೆಂಗಳೂರು, ಸಂಜೆಯೊಳಗೆ ಯಳಂದೂರು. "ನಾಳೆ ಹೊತ್ತು ಮುಳುಗುವುದರೊಳಗೆ ಬರುತ್ತಾನೆ" ಎಂದು ಹೇಳಿಬಿಟ್ಟೆ.

ಬುಧವಾರ ಸಂಜೆ ಊರು ತುಂಬ ಜನ. ಹೊತ್ತು ಮುಳುಗಿತು, ಅವನು ಬರಲಿಲ್ಲ. ದೂರದವರು ಬಸ್ಸಿನ ಹೊತ್ತಾಯಿತೆಂದು ದೊಡ್ಡಪ್ಪನ ಕಾಲಿಗೆ ನಮಸ್ಕರಿಸಿ ಹೊರಟುಹೋದರು. ಮಗ ಬಂದದ್ದು ಗುರುವಾರ ಬೆಳಿಗ್ಗೆ ಹತ್ತಕ್ಕೆ. ಎಲ್ಲ ಮುಗಿದ ಮೇಲೆ ದೊಡ್ಡಮ್ಮ ನನ್ನನ್ನು ಕರೆದು, ಬೇಸರವಿಲ್ಲದ ದನಿಯಲ್ಲಿ, "ನಿನ್ ಲೆಕ್ಕದಲ್ಲಿ ಏನೋ ಬುಟ್ಟೋಗದೆ ಕಣ್ ಮಗ" ಎಂದರು.

ಹೌದು, ಬಿಟ್ಟುಹೋಗಿತ್ತು. ದೂರವನ್ನು ವೇಗದಿಂದ ಭಾಗಿಸಿದರೆ ಕಾಲ ಸಿಗುತ್ತದೆ ಎಂದು ನಾವು ಶಾಲೆಯಲ್ಲಿ ಕಲಿಸುತ್ತೇವೆ. ಆದರೆ ಯಾವ ದೂರ? ಯಾವುದಕ್ಕೆ ಹೋಲಿಸಿದ ವೇಗ? ಯಾವ ಊರಿನ ಕಾಲ? ಈ ಮೂರನ್ನೂ ಕೇಳದೆ ಮಾಡಿದ ಭಾಗಾಕಾರ ನನ್ನದು. ಇಂದು ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲೂ ಹೊರದೇಶದಲ್ಲಿ ಮಕ್ಕಳಿರುವ ಮನೆಗಳಿವೆ. ಈ ಲೆಕ್ಕ ಯಾರಿಗೆ ಯಾವ ದಿನ ಬೇಕಾಗುತ್ತದೆಂದು ಹೇಳಲಾಗದು. ಆದ್ದರಿಂದ ಅದನ್ನು ಒಮ್ಮೆ ಸರಿಯಾಗಿ ಮಾಡಿ ನೋಡೋಣ.

ಯಾವ ದೂರ?

ಕೊಳ್ಳೇಗಾಲದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹನೂರು, ಕೌದಳ್ಳಿ, ತಾಳುಬೆಟ್ಟದ ಮೇಲೆ ರಸ್ತೆಯಲ್ಲಿ ಹೋದರೆ ಸುಮಾರು 80 ಕಿಮೀ. ಭೂಪಟದ ಮೇಲೆ ಅಳತೆಪಟ್ಟಿ ಇಟ್ಟರೆ 60 ಕಿಮೀ ಕೂಡ ಆಗದು. ಹಳ್ಳ, ಕಾಡು, ಏರು, ತಿರುವುಗಳು ರಸ್ತೆಯನ್ನು ಉದ್ದ ಮಾಡಿವೆ. ವಿಮಾನಕ್ಕೆ ಇವಾವುವೂ ಇಲ್ಲವಲ್ಲ, ಅಳತೆಪಟ್ಟಿಯ ಗೆರೆಯಲ್ಲೇ ಹೋಗಬಹುದು ಎಂದು ತೋರುತ್ತದೆ. ಅಷ್ಟು ಚಿಕ್ಕ ದೂರಕ್ಕೆ ಈ ಮಾತು ಸರಿ. ಸಾವಿರಾರು ಕಿಮೀ ದೂರಕ್ಕೆ ಸರಿಯಲ್ಲ. ಭೂಮಿ ಗೋಳ, ಭೂಪಟ ಹಾಳೆ. ಕಿತ್ತಳೆಯ ಸಿಪ್ಪೆಯನ್ನು ಹರಿಯದೆ, ಹಿಗ್ಗಿಸದೆ ಮೇಜಿನ ಮೇಲೆ ಚಪ್ಪಟೆಯಾಗಿ ಹರಡಲಾಗದು. ಹಾಗೆಯೇ ಗೋಳದ ಮೈಯನ್ನು ಎಲ್ಲಿಯೂ ಹಿಗ್ಗಿಸದೆ ಹಾಳೆಗೆ ಇಳಿಸಲಾಗದು. ಗೋಡೆಗೆ ತೂಗುಹಾಕುವ ಅನೇಕ ಭೂಪಟಗಳಲ್ಲಿ ಧ್ರುವದ ಕಡೆಗೆ ಹೋದಂತೆ ನಾಡುಗಳು ಹಿಗ್ಗುತ್ತವೆ. ಒಂದು ಬಿಂದುವಾದ ಧ್ರುವವೇ ಪಟದ ಅಗಲದಷ್ಟು ಗೆರೆಯಾಗುತ್ತದೆ, ಇಲ್ಲವೇ ಪಟದೊಳಗೆ ಬರುವುದೇ ಇಲ್ಲ.

ಗೋಳದ ಮೈಮೇಲೆ ಎರಡು ಸ್ಥಳಗಳ ನಡುವಿನ ಅತಿ ಹತ್ತಿರದ ದಾರಿ ಒಂದು ಮಹಾವೃತ್ತದ ಭಾಗ. ಗೋಳದ ಕೇಂದ್ರವನ್ನೇ ತನ್ನ ಕೇಂದ್ರವಾಗಿ ಉಳ್ಳ ವೃತ್ತವೇ ಮಹಾವೃತ್ತ. ಸಮಭಾಜಕ ವೃತ್ತ ಒಂದು ಮಹಾವೃತ್ತ. ಎದುರುಬದುರು ರೇಖಾಂಶಗಳನ್ನು ಸೇರಿಸಿದರೆ ಅದೂ ಒಂದು ಮಹಾವೃತ್ತ. ಅಕ್ಷಾಂಶ ವೃತ್ತಗಳು, ಸಮಭಾಜಕವನ್ನು ಬಿಟ್ಟರೆ, ಮಹಾವೃತ್ತಗಳಲ್ಲ.

ಬೆಂಗಳೂರು ವಿಮಾನ ನಿಲ್ದಾಣದ ಅಕ್ಷಾಂಶ 13.2 ಡಿಗ್ರಿ ಉತ್ತರ, ರೇಖಾಂಶ 77.7 ಡಿಗ್ರಿ ಪೂರ್ವ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣದ್ದು 37.6 ಡಿಗ್ರಿ ಉತ್ತರ, 122.4 ಡಿಗ್ರಿ ಪಶ್ಚಿಮ. ಎರಡು ರೇಖಾಂಶಗಳ ನಡುವಿನ ಅಂತರ, ಚಿಕ್ಕ ಬದಿಯಿಂದ ಎಣಿಸಿದರೆ, ಸುಮಾರು 160 ಡಿಗ್ರಿ. ಅಕ್ಷಾಂಶಗಳನ್ನು ಅ ಮತ್ತು ಆ ಎಂದೂ ರೇಖಾಂಶಗಳ ಅಂತರವನ್ನು ರೇ ಎಂದೂ ಕರೆದರೆ, ಭೂಕೇಂದ್ರದಲ್ಲಿ ಈ ಎರಡು ಊರುಗಳು ಮಾಡುವ ಕೋನ ಕೋ ಹೀಗೆ ಸಿಗುತ್ತದೆ:

ಕೊಸೈನ್ ಕೋ = (ಸೈನ್ ಅ × ಸೈನ್ ಆ) + (ಕೊಸೈನ್ ಅ × ಕೊಸೈನ್ ಆ × ಕೊಸೈನ್ ರೇ)

ಬೆಲೆಗಳನ್ನು ಹಾಕಿದರೆ ಬಲಬದಿ ಸುಮಾರು -0.585, ಕೋನ ಸುಮಾರು 125.8 ಡಿಗ್ರಿ. ಭೂಮಿಯ ಮೇಲೆ ಮಹಾವೃತ್ತದ ಒಂದು ಡಿಗ್ರಿ ಎಂದರೆ ಸುಮಾರು 111.2 ಕಿಮೀ. ಗುಣಿಸಿದರೆ 13,990 ಕಿಮೀ. ನಾನು ಹೇಳಿದ 14,000 ಕಿಮೀ ಇದೇ.

ಇದೇ ಎರಡು ಊರುಗಳನ್ನು ಮರ್ಕೇಟರ್ ಭೂಪಟದ ಮೇಲೆ ಪೆಸಿಫಿಕ್ ಸಾಗರ ದಾಟುವಂತೆ ನೇರ ಗೆರೆಯಿಂದ ಸೇರಿಸಿ, ಆ ಗೆರೆಯಲ್ಲೇ ವಿಮಾನ ಹಾರಿದರೆ ದೂರ ಸುಮಾರು 16,100 ಕಿಮೀ ಆಗುತ್ತದೆ. ಪಟದ ಮೇಲೆ ನೇರವಾಗಿ ಕಾಣುವ ದಾರಿ ನಿಜದಲ್ಲಿ ಎರಡು ಸಾವಿರ ಕಿಮೀ ಸುತ್ತು. ಪಟದ ಮೇಲೆ ಬಿಲ್ಲಿನಂತೆ ಬಾಗಿ ಕಾಣುವ ದಾರಿಯೇ ನಿಜದಲ್ಲಿ ಹತ್ತಿರದ್ದು.

ಅಮೆರಿಕ ಯಾವ ದಿಕ್ಕಿಗೆ?

ಕೊಳ್ಳೇಗಾಲದ ಯಾವುದಾದರೂ ಅಂಗಳದಲ್ಲಿ ನಿಂತು ಅಮೆರಿಕ ಎತ್ತ ಎಂದು ಕೇಳಿ. ಹೆಚ್ಚಿನವರು ಪಶ್ಚಿಮಕ್ಕೆ ಕೈ ತೋರಿಸುತ್ತಾರೆ. ಲೆಕ್ಕ ಬೇರೆಯೇ ಹೇಳುತ್ತದೆ. ಸ್ಯಾನ್ ಫ್ರಾನ್ಸಿಸ್ಕೊಗೆ ಹತ್ತಿರದ ದಾರಿ ಇಲ್ಲಿಂದ ಹೊರಡುವುದು ಉತ್ತರದಿಂದ ಪೂರ್ವಕ್ಕೆ ಇಪ್ಪತ್ತು ಡಿಗ್ರಿಯಷ್ಟೇ ವಾಲಿದ ದಿಕ್ಕಿನಲ್ಲಿ. ಅದು ನೇಪಾಳ, ಟಿಬೆಟ್, ಪಶ್ಚಿಮ ಮಂಗೋಲಿಯ, ಸೈಬೀರಿಯಗಳ ಮೇಲೆ ಸಾಗಿ, 71 ಡಿಗ್ರಿ ಉತ್ತರ ಅಕ್ಷಾಂಶವನ್ನು ಮುಟ್ಟಿ, ಆರ್ಕ್ಟಿಕ್ ಸಮುದ್ರದ ಅಂಚಿನಲ್ಲಿ ತಿರುಗಿ, ಅಲಾಸ್ಕದ ಮೇಲೆ ಕೆಳಗಿಳಿಯುತ್ತದೆ.

ಉತ್ತರ ಧ್ರುವದ ಮೇಲೆಯೇ ಹೋದರೆ ಎಷ್ಟಾಗುತ್ತದೆ? ಇದಕ್ಕೆ ಸೈನ್ ಕೊಸೈನ್ ಕೂಡ ಬೇಡ, ಸಂಕಲನ ಸಾಕು. ಯಾವುದೇ ಊರು ಧ್ರುವದಿಂದ ಎಷ್ಟು ಡಿಗ್ರಿ ದೂರವಿದೆ ಎಂಬುದು 90ರಲ್ಲಿ ಅದರ ಅಕ್ಷಾಂಶ ಕಳೆದರೆ ಸಿಗುತ್ತದೆ. ಬೆಂಗಳೂರಿಗೆ 76.8, ಸ್ಯಾನ್ ಫ್ರಾನ್ಸಿಸ್ಕೊಗೆ 52.4. ಕೂಡಿದರೆ 129.2 ಡಿಗ್ರಿ, ಅಂದರೆ ಸುಮಾರು 14,370 ಕಿಮೀ. ಅತಿ ಹತ್ತಿರದ ದಾರಿಗಿಂತ 400 ಕಿಮೀ ಕೂಡ ಹೆಚ್ಚಲ್ಲ! ಈ ಎರಡು ಊರುಗಳು ಭೂಮಿಯ ಬಹುಮಟ್ಟಿಗೆ ಎದುರುಬದುರು ರೇಖಾಂಶಗಳಲ್ಲಿ ಇರುವುದೇ ಇದಕ್ಕೆ ಕಾರಣ.

2021ರ ಜನವರಿ 9ರ ರಾತ್ರಿ ಸುಮಾರು ಎಂಟೂವರೆಗೆ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಹೊರಟ ಏರ್ ಇಂಡಿಯಾದ ಮೊದಲ ನೇರ ವಿಮಾನ ಹೋದದ್ದು ಹೀಗೆ, ಉತ್ತರ ಧ್ರುವದ ಮೇಲೆ. ಕ್ಯಾಪ್ಟನ್ ಝೋಯಾ ಅಗರ್‌ವಾಲ್ ನಾಯಕತ್ವದಲ್ಲಿ ಅದನ್ನು ನಡೆಸಿದವರೆಲ್ಲರೂ ಮಹಿಳಾ ಪೈಲಟ್‌ಗಳು. ಬೆಂಗಳೂರಿನಲ್ಲಿ ಅದು ಇಳಿದದ್ದು ಜನವರಿ 11ರ ಬೆಳಗಿನ ಜಾವ ಮೂರು ಗಂಟೆ ಕಳೆದ ಮೇಲೆ.

ಹತ್ತಿರದ ದಾರಿ ಇರುವಾಗ ವಿಮಾನ ಅದರಲ್ಲೇ ಏಕೆ ಹೋಗುವುದಿಲ್ಲ? ಆಕಾಶದಲ್ಲೂ ತಿರುವುಗಳುಂಟು. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರ 4,500 ಮೀಟರಿಗೂ ಹೆಚ್ಚು. ಹಾರುತ್ತಿರುವಾಗ ವಿಮಾನದೊಳಗಿನ ಗಾಳಿಯ ಒತ್ತಡ ಹೇಗಾದರೂ ಕುಸಿದರೆ, ಸಲೀಸಾಗಿ ಉಸಿರಾಡಬಹುದಾದ 3,000 ಮೀಟರ್ ಎತ್ತರಕ್ಕೆ ಬೇಗ ಇಳಿಯಬೇಕು. ಟಿಬೆಟ್‌ನ ಮೇಲೆ ಹಾಗೆ ಇಳಿಯಲು ಜಾಗವೇ ಇಲ್ಲ, ಅಲ್ಲಿ ನೆಲವೇ ಅದಕ್ಕಿಂತ ಎತ್ತರದಲ್ಲಿದೆ. ಆದ್ದರಿಂದ ವಿಮಾನಗಳು ಸಾಮಾನ್ಯವಾಗಿ ಆ ಪ್ರದೇಶವನ್ನು ಬಳಸಿಕೊಂಡು ಹೋಗುತ್ತವೆ. ದೇಶಗಳ ನಡುವಿನ ಜಗಳವೂ ದಾರಿಯನ್ನು ಉದ್ದ ಮಾಡುತ್ತದೆ. 2022ರಲ್ಲಿ ರಷ್ಯ ತನ್ನ ಆಕಾಶವನ್ನು ಯೂರೋಪಿನ ವಿಮಾನಗಳಿಗೆ ಮುಚ್ಚಿದಾಗ, ಫಿನ್ಲೆಂಡಿನ ಹೆಲ್ಸಿಂಕಿಯಿಂದ ಟೋಕಿಯೊಗೆ ಒಂಬತ್ತೂವರೆ ಗಂಟೆಯ ಆಸುಪಾಸಿನಲ್ಲಿದ್ದ ಪಯಣ ಹದಿಮೂರು ಗಂಟೆಯಷ್ಟಾಯಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು. ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳು ಸುತ್ತು ಹಾಕಬೇಕಾಯಿತು. ಎರಡು ಊರುಗಳು ಇದ್ದಲ್ಲೇ ಇದ್ದರೂ ನಡುವಿನ ಹಾದಿ ಹಿಗ್ಗಬಲ್ಲದು.

ಯಾವ ವೇಗ?

ಗಂಟೆಗೆ 900 ಕಿಮೀ ಎಂಬ ಅಂಕಿ ಎಲ್ಲಿಂದ ಬಂತು? ಪ್ರಯಾಣಿಕ ವಿಮಾನಗಳು ಶಬ್ದದ ವೇಗವನ್ನು ಮುಟ್ಟದೆ, ಅದರ ಶೇಕಡ 85ರ ಆಸುಪಾಸಿನಲ್ಲಿ ಹಾರುತ್ತವೆ. ಅದಕ್ಕಿಂತ ಹೆಚ್ಚಿಸಿದರೆ ರೆಕ್ಕೆಯ ಮೇಲೆ ಆಘಾತ ತರಂಗಗಳು ಎದ್ದು ಗಾಳಿಯ ತಡೆ ಥಟ್ಟನೆ ಏರುತ್ತದೆ, ಇಂಧನ ಸುಮ್ಮನೆ ಪೋಲಾಗುತ್ತದೆ. ಶಬ್ದದ ವೇಗವಾದರೂ ಎಲ್ಲ ಕಡೆ ಒಂದೇ ಅಲ್ಲ. ಗಾಳಿ ತಣ್ಣಗಾದಷ್ಟೂ ಅದು ಕಡಿಮೆ. ನಮ್ಮೂರಿನ 30 ಡಿಗ್ರಿ ಸೆಲ್ಸಿಯಸ್ ಬಿಸಿಲಿನಲ್ಲಿ ಅದು ಗಂಟೆಗೆ ಸುಮಾರು 1,255 ಕಿಮೀ. ಹನ್ನೊಂದು ಕಿಮೀ ಎತ್ತರದಲ್ಲಿ, ಉಷ್ಣತೆ ಸೊನ್ನೆಗಿಂತ 56 ಡಿಗ್ರಿಯಷ್ಟು ಕೆಳಗಿರುವಲ್ಲಿ, ಸುಮಾರು 1,060 ಕಿಮೀ ಮಾತ್ರ. ಅದರ ಶೇಕಡ 85 ಎಂದರೆ 900.

ಆದರೆ ಇದು ಗಾಳಿಗೆ ಹೋಲಿಸಿದ ವೇಗ, ನೆಲಕ್ಕೆ ಹೋಲಿಸಿದ್ದಲ್ಲ. ನನ್ನ ಲೆಕ್ಕದಲ್ಲಿ ಬಿಟ್ಟುಹೋದ ಮೊದಲ ಸಂಗತಿ ಇದು. ಕಾವೇರಿಯಲ್ಲಿ ತೆಪ್ಪ ಹಾಕುವವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಅಷ್ಟೇ ಬಲದಿಂದ ಹುಟ್ಟು ಹಾಕಿದರೂ ಹೊಳೆಯ ಜೊತೆಗೆ ಹೋದರೆ ದಡ ಬೇಗ ಹಿಂದೆ ಸರಿಯುತ್ತದೆ, ಹೊಳೆಗೆ ಎದುರಾದರೆ ನಿಧಾನವಾಗಿ. ವಿಮಾನಕ್ಕೆ ಗಾಳಿಯೇ ಹೊಳೆ. 14,000 ಕಿಮೀ ಉದ್ದಕ್ಕೂ ಗಂಟೆಗೆ 50 ಕಿಮೀ ಎದುರುಗಾಳಿ ಇದ್ದರೆ ನೆಲಕ್ಕೆ ಹೋಲಿಸಿದ ವೇಗ 850. ಹದಿನಾರೂವರೆ ಗಂಟೆ ಬೇಕು. ಅಷ್ಟೇ ಹಿಂಗಾಳಿ ಇದ್ದರೆ ವೇಗ 950. ಹದಿನಾಲ್ಕು ಮುಕ್ಕಾಲು ಗಂಟೆ ಸಾಕು.

ವಿಮಾನ ಹಾರುವ ಎತ್ತರದಲ್ಲಿ ಇಂಥ ಹೊಳೆಗಳು ನಿಜವಾಗಿಯೂ ಇವೆ. ಅವೇ ಜೆಟ್ ಪ್ರವಾಹಗಳು. ನಡು ಅಕ್ಷಾಂಶಗಳಲ್ಲಿ ಅವು ಪಶ್ಚಿಮದಿಂದ ಪೂರ್ವಕ್ಕೆ, ಗಂಟೆಗೆ ನೂರು, ಕೆಲವೊಮ್ಮೆ ಇನ್ನೂರು ಕಿಮೀಗಿಂತಲೂ ವೇಗವಾಗಿ ಹರಿಯುತ್ತವೆ. ಸಮಭಾಜಕದ ಕಡೆಯ ಬಿಸಿ ಗಾಳಿಗೂ ಧ್ರುವದ ಕಡೆಯ ತಣ್ಣನೆಯ ಗಾಳಿಗೂ ಇರುವ ಉಷ್ಣತೆಯ ಅಂತರ ಅವಕ್ಕೆ ಮೂಲ. ಚಳಿಗಾಲದಲ್ಲಿ ಈ ಅಂತರ ಹೆಚ್ಚು, ಆದ್ದರಿಂದ ಪ್ರವಾಹದ ರಭಸವೂ ಹೆಚ್ಚು.

ಇದರ ಫಲವಾಗಿ ಹತ್ತಿರದ ದಾರಿಯೇ ಬೇಗನೆ ಮುಟ್ಟಿಸುವ ದಾರಿ ಎಂದು ಹೇಳಲಾಗದು. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಏರ್ ಇಂಡಿಯಾ ವಿಮಾನ ಮೊದಲು ಪಶ್ಚಿಮಕ್ಕೆ ಅಟ್ಲಾಂಟಿಕ್ ದಾಟಿ ಹೋಗುತ್ತಿತ್ತು. ಆ ದಾರಿ ಸುಮಾರು 13,900 ಕಿಮೀ. 2016ರ ಅಕ್ಟೋಬರ್‌ನಲ್ಲಿ ಅದು ಪೂರ್ವಕ್ಕೆ ತಿರುಗಿ ಪೆಸಿಫಿಕ್ ಮೇಲೆ ಸುಮಾರು 15,300 ಕಿಮೀ ಹಾರಿತು. ದೂರ 1,400 ಕಿಮೀ ಹೆಚ್ಚಾದರೂ ಹಿಂಗಾಳಿಯ ಬಲದಿಂದ ಸುಮಾರು ಹದಿನಾಲ್ಕೂವರೆ ಗಂಟೆಯಲ್ಲಿ, ಹಿಂದಿಗಿಂತ ಬೇಗನೆ, ತಲುಪಿತು. ಇತ್ತ ಬರುವಾಗ ಅದೇ ಗಾಳಿ ಎದುರಾಗುತ್ತದೆ. ಆಗ ಧ್ರುವದ ಕಡೆಯ ದಾರಿಗೆ ಬೆಲೆ ಬರುತ್ತದೆ. ಅದು ಜೆಟ್ ಪ್ರವಾಹವನ್ನು ಎದುರಿಸಿ ಸಾಗುವುದಿಲ್ಲ, ಅಡ್ಡಲಾಗಿ ದಾಟುತ್ತದೆ.

ಭೂಮಿ ತಿರುಗುವುದರಿಂದ ಲಾಭವಿಲ್ಲವೇ?

ಹನೂರಿನಿಂದ ಬಂದಿದ್ದ ನೆಂಟರ ಹುಡುಗ, ಹೈಸ್ಕೂಲಿನವನು, ಆ ದಿನ ಕೇಳಿದ ಪ್ರಶ್ನೆ ಇದು: "ಭೂಮಿ ಪೂರ್ವಕ್ಕೆ ತಿರುಗುತ್ತದಲ್ಲ ಸಾರ್, ವಿಮಾನ ಮೇಲೆದ್ದು ಸುಮ್ಮನೆ ನಿಂತರೆ ಊರೇ ಕೆಳಗೆ ಬರುವುದಿಲ್ಲವೇ?"

ಒಳ್ಳೆಯ ಪ್ರಶ್ನೆ. ನಮ್ಮ ಅಕ್ಷಾಂಶದಲ್ಲಿ ನೆಲ ಪೂರ್ವಕ್ಕೆ ಗಂಟೆಗೆ ಸುಮಾರು 1,630 ಕಿಮೀ ವೇಗದಲ್ಲಿ ಸಾಗುತ್ತಿದೆ. ಆದರೆ ನೆಲದ ಜೊತೆಗೆ ಗಾಳಿಯೂ ಸಾಗುತ್ತಿದೆ, ನೆಲದ ಮೇಲೆ ನಿಂತ ವಿಮಾನವೂ ಸಾಗುತ್ತಿದೆ. ಮೇಲೆದ್ದ ಮಾತ್ರಕ್ಕೆ ಆ ವೇಗ ಕಳೆದುಹೋಗದು. ಓಡುವ ಬಸ್ಸಿನೊಳಗೆ ನಾಣ್ಯವನ್ನು ಮೇಲಕ್ಕೆ ಚಿಮ್ಮಿದರೆ ಅದು ನಮ್ಮ ಕೈಗೇ ಬೀಳುತ್ತದೆ, ಹಿಂದಿನ ಸೀಟಿನವರ ತಲೆಗಲ್ಲ. ಜಡತ್ವದ ನಿಯಮ ಇದು. ಹಾಗಾಗಿ ಭೂಮಿಯ ತಿರುಗಾಟದಿಂದ ವಿಮಾನಕ್ಕೆ ನೇರ ಲಾಭವಿಲ್ಲ. ಸುತ್ತುಬಳಸಿನ ಲಾಭ ಮಾತ್ರ ಉಂಟು. ಸಮಭಾಜಕದಿಂದ ಧ್ರುವದ ಕಡೆಗೆ ಹೊರಟ ಗಾಳಿಯನ್ನು ಪೂರ್ವಕ್ಕೆ ತಿರುಗಿಸಿ ಜೆಟ್ ಪ್ರವಾಹವನ್ನಾಗಿ ಮಾಡುವುದು ಭೂಮಿಯ ತಿರುಗಾಟವೇ.

ಇಂಧನದ ಹೊರೆ

ಇಷ್ಟು ದೂರವನ್ನು ನಿಲ್ಲದೆ ಹಾರುವುದು ಸುಲಭವಲ್ಲ. 2021ರ ಆ ವಿಮಾನ ಬೋಯಿಂಗ್ 777-200 ಎಲ್‌ಆರ್ ಮಾದರಿಯದು. ಅದು ಗರಿಷ್ಠ 347 ಟನ್ ತೂಕದೊಡನೆ ಮೇಲೇರಬಲ್ಲದು. ಅದರಲ್ಲಿ ಸುಮಾರು 145 ಟನ್ ಇಂಧನವೇ ಆಗಬಹುದು. ಅಂದರೆ ತೂಕದ ಐದರಲ್ಲಿ ಎರಡು ಪಾಲು. ಮೊದಲ ಗಂಟೆಗಳಲ್ಲಿ ಉರಿಯುವ ಇಂಧನದ ಒಂದು ಭಾಗ ಕೊನೆಯ ಗಂಟೆಗಳ ಇಂಧನವನ್ನು ಹೊರುವುದಕ್ಕೇ ಖರ್ಚಾಗುತ್ತದೆ. ಬುತ್ತಿ ಹೊರುವ ಆಳಿಗೂ ಬುತ್ತಿ ಕಟ್ಟಿಕೊಂಡಂತೆ! ಎದುರುಗಾಳಿ ಒಂದು ಗಂಟೆ ಹೆಚ್ಚು ಮಾಡಿದರೂ ಅದಕ್ಕೆ ತಕ್ಕ ಇಂಧನ ಬೇಕು. ನಡುವೆ ಇಳಿದು ಇಂಧನ ತುಂಬುವುದಾದರೆ ಕೆಳಗಿಳಿಯುವ, ಮತ್ತೆ ಮೇಲೇರುವ ಹೊತ್ತೂ ಸೇರಿ ಎರಡು ಮೂರು ಗಂಟೆ ಹೋಗುತ್ತದೆ. ಪ್ರಯಾಣಿಕರು ಬೇರೆ ವಿಮಾನಕ್ಕೆ ಬದಲಿಸಬೇಕಾದರೆ ಇನ್ನೂ ಹೆಚ್ಚು.

ಯಾವ ಊರಿನ ಕಾಲ?

ಈಗ ನನ್ನ ದೊಡ್ಡ ತಪ್ಪಿಗೆ ಬರೋಣ. ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ. 15 ಡಿಗ್ರಿಗೆ ಒಂದು ಗಂಟೆ. ಭಾರತದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶದ್ದು, ಗ್ರೀನ್‌ವಿಚ್‌ಗಿಂತ ಐದೂವರೆ ಗಂಟೆ ಮುಂದು. ಸ್ಯಾನ್ ಫ್ರಾನ್ಸಿಸ್ಕೊದ್ದು ಚಳಿಗಾಲದಲ್ಲಿ ಎಂಟು ಗಂಟೆ ಹಿಂದು. ನಡುವೆ ಹದಿಮೂರೂವರೆ ಗಂಟೆ. ಅಲ್ಲಿ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಮಾಡುವುದರಿಂದ ಆಗ ಹನ್ನೆರಡೂವರೆ ಗಂಟೆ.

2021ರ ವಿಮಾನವನ್ನೇ ನೋಡಿ. ಜನವರಿ 9ರ ರಾತ್ರಿ ಎಂಟೂವರೆಯಿಂದ 11ರ ಬೆಳಗಿನ ಜಾವ ಮೂರರವರೆಗೆ ಎಣಿಸಿದರೆ ಮೂವತ್ತು ಗಂಟೆಯ ಮೇಲಾಗುತ್ತದೆ. ಅದರಲ್ಲಿ ಹದಿಮೂರೂವರೆ ಕಳೆದರೆ ನಿಜವಾಗಿ ಹಾರಿದ್ದು ಸುಮಾರು ಹದಿನೇಳು ಗಂಟೆ. ಇಲ್ಲಿಂದ ಅಲ್ಲಿಗೆ ಹೋಗುವವರಿಗೆ ಇದಕ್ಕೆ ವಿರುದ್ಧ. ಚಳಿಗಾಲದ ಒಂದು ಮಧ್ಯಾಹ್ನ ಎರಡೂವರೆಗೆ ಬೆಂಗಳೂರು ಬಿಟ್ಟು ಹದಿನಾರು ಗಂಟೆ ಹಾರಿದರೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅದೇ ದಿನದ ಸಂಜೆ ಐದು. ಮನೆಯವರು ಇಡೀ ರಾತ್ರಿ ಕಾದಿರುತ್ತಾರೆ, ಹೋದವರಿಗೆ ದಿನವೇ ಬದಲಾಗಿರುವುದಿಲ್ಲ.

ನಮ್ಮ ದೊಡ್ಡಪ್ಪನ ಮಗ ಹೇಳಿದ "ಮಂಗಳವಾರ ರಾತ್ರಿ ಒಂಬತ್ತು" ಅಲ್ಲಿನ ಗಡಿಯಾರದ್ದು. ನಾನು ಅದನ್ನು ಯಳಂದೂರಿನ ಗಡಿಯಾರವೆಂದು ಎಣಿಸಿದ್ದೆ. ಸರಿಯಾದ ಲೆಕ್ಕ ಹೀಗೆ:

ಅಲ್ಲಿ ಮಂಗಳವಾರ ರಾತ್ರಿ 9 ಎಂದರೆ ನಮ್ಮಲ್ಲಿ ಬುಧವಾರ ಬೆಳಿಗ್ಗೆ 10.30.
ಹಾರಾಟ ಸುಮಾರು 17 ಗಂಟೆ: ಗುರುವಾರ ಬೆಳಗಿನ ಜಾವ 3.30.
ವಲಸೆ ತಪಾಸಣೆ, ಸಾಮಾನು ಪಡೆಯುವುದು ಒಂದೂವರೆ ಗಂಟೆ: 5.00.
ದೇವನಹಳ್ಳಿಯಿಂದ ಬೆಂಗಳೂರು, ಮಳವಳ್ಳಿ, ಕೊಳ್ಳೇಗಾಲದ ಮೇಲೆ ಯಳಂದೂರಿಗೆ ಐದು ಗಂಟೆ: ಬೆಳಿಗ್ಗೆ 10.00.

ಬುಧವಾರ ಬೆಳಿಗ್ಗೆ ಹತ್ತರವರೆಗೆ ಅವನು ಇನ್ನೂ ವಿಮಾನವನ್ನೇ ಹತ್ತಿರಲಿಲ್ಲ. ಆ ಹೊತ್ತಿಗೆ ನಾವು ಇಲ್ಲಿ ಚಪ್ಪರದ ಕೆಳಗೆ, ಸಂಜೆಗೆ ಬಂದೇಬಿಡುತ್ತಾನೆ ಎಂದು ನೆಂಟರನ್ನು ಕೂರಿಸುತ್ತಿದ್ದೆವು. ಕೊನೆಯ ಸಾಲನ್ನೂ ಗಮನಿಸಿ. ಹದಿನಾಲ್ಕು ಸಾವಿರ ಕಿಮೀಗೆ ಹದಿನೇಳು ಗಂಟೆ, ಇನ್ನೂರಕ್ಕೂ ತುಸು ಕಡಿಮೆ ಕಿಮೀಗೆ ಐದು ಗಂಟೆ. ಪಯಣದ ಕೊನೆಯ ತುಂಡನ್ನು ಯಾವ ವಿಮಾನದ ವೇಳಾಪಟ್ಟಿಯೂ ಹೇಳುವುದಿಲ್ಲ.

ನೀವೇ ಮಾಡಿ ನೋಡಿ

ಶಾಲೆಯ ಭೂಗೋಳವನ್ನು ತೆಗೆದುಕೊಳ್ಳಿ. ಅದರ ವ್ಯಾಸ 30 ಸೆಂಮೀ ಇದ್ದರೆ ಸುತ್ತಳತೆ ಸುಮಾರು 94 ಸೆಂಮೀ. ಒಂದು ಸೆಂಮೀ ಎಂದರೆ ಸುಮಾರು 425 ಕಿಮೀ. ಕರ್ನಾಟಕದ ದಕ್ಷಿಣ ತುದಿಯಲ್ಲಿ ದಾರದ ಒಂದು ತುದಿ ಒತ್ತಿಹಿಡಿದು, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೊಗೆ ಒಯ್ದು ಬಿಗಿಯಾಗಿ ಎಳೆಯಿರಿ. ಬಿಗಿಗೊಳಿಸಿದಂತೆ ದಾರ ತಾನಾಗಿಯೇ ಉತ್ತರಕ್ಕೆ ಜಾರುತ್ತದೆ. ಅದೇ ಮಹಾವೃತ್ತ. ದಾರವನ್ನು ಅಳೆಯಿರಿ, ಸುಮಾರು 33 ಸೆಂಮೀ ಬರುತ್ತದೆ. 425ರಿಂದ ಗುಣಿಸಿ. ಆಮೇಲೆ ನಿಮ್ಮ ಬಂಧುಗಳಿರುವ ಊರಿಗೆ, ದುಬೈ, ಲಂಡನ್, ಸಿಡ್ನಿ ಯಾವುದಾದರೂ ಸರಿ, ಹೀಗೆಯೇ ಅಳೆದು ಬರೆದಿಡಿ. ಆ ಊರಿನ ಗಡಿಯಾರ ನಮ್ಮದಕ್ಕಿಂತ ಎಷ್ಟು ಹಿಂದು ಅಥವಾ ಮುಂದು ಎಂಬುದನ್ನೂ ಪಕ್ಕದಲ್ಲೇ ಬರೆಯಿರಿ.

ದೊಡ್ಡಮ್ಮನ ಮನೆಯ ಗೋಡೆಯಲ್ಲಿ ಈಗ ಎರಡು ಗಡಿಯಾರಗಳಿವೆ. ಮಗನೇ ತಂದು ಹಾಕಿದ್ದು. ಅವನು ಊರಿಗೆ ಹೊರಟೆ ಎಂದು ಫೋನು ಮಾಡಿದರೆ ದೊಡ್ಡಮ್ಮ ನನ್ನನ್ನು ಏನೂ ಕೇಳುವುದಿಲ್ಲ. ಎಡಗಡೆಯ ಗಡಿಯಾರ ನೋಡಿ, ಬಲಗಡೆಯದನ್ನು ನೋಡಿ, ಬೆರಳು ಮಡಿಸಿ ಎಣಿಸಿ, ಯಾವ ಹೊತ್ತಿಗೆ ಅಡುಗೆ ಮಾಡಬೇಕೆಂದು ತಾವೇ ಹೇಳುತ್ತಾರೆ. ಇದುವರೆಗೆ ಅವರ ಲೆಕ್ಕ ತಪ್ಪಿಲ್ಲ.